ನಮಸ್ಕಾರದ ಬೂಟು

ಭದ್ರಾವತಿಯ ಆಸುಪಾಸಿನ ಎರಕದ ಶೆಡ್ಡುಗಳಲ್ಲಿ ಈಗ ಎಲ್ಲರೂ ಹಾಕುವ ಬೂಟಿಗೆ ಲೇಸಿಲ್ಲ. ಎರಡೂ ಪಕ್ಕಕ್ಕೆ ಲಾರಿ ಟ್ಯೂಬಿನ ರಬ್ಬರು, ಹಿಮ್ಮಡಿಯ ಹಿಂದೆ ಒಂದು ಚರ್ಮದ ಕುಣಿಕೆ, ಅಷ್ಟೆ. ಅದನ್ನು ಮೊದಲು ಮಾಡಿಸಿದವನು ಒಬ್ಬ ಜರ್ಮನ್ ಇಂಜಿನಿಯರು ಎಂದು ಮೊನ್ನೆ ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದವರು ನನಗೆ ವಿವರವಾಗಿ ಹೇಳಿದರು. ಅವನ ಮೀಸೆಯ ಬಣ್ಣವನ್ನೂ ಹೇಳಿದರು. ನಾನು ಹೂಂಗುಟ್ಟಿದೆ. ಆ ಬೂಟು ಹುಟ್ಟಿದಾಗ ನಾನು ಅಲ್ಲೇ ಇದ್ದೆ. ಮೀಸೆ ಇದ್ದವರು ಹಲವರಿದ್ದರು. ಜರ್ಮನ್ ಯಾರೂ ಇರಲಿಲ್ಲ.

ಅದು ೧೯೬೧ನೆಯ ಇಸವಿ. ಭದ್ರಾವತಿಯ ಹೊರಗೆ, ರೈಲುಹಳಿಯ ಪಕ್ಕದಲ್ಲಿ, ಜಂಬಣ್ಣಮಾವ ಒಂದು ಸಣ್ಣ ಎರಕದ ಕಾರ್ಖಾನೆ ಇಟ್ಟಿದ್ದರು. ಕಬ್ಬಿನ ಗಾಣದ ರೋಲರು, ಬಾವಿಯ ರಾಟೆ, ಪಂಪಿನ ಭಾಗಗಳು ಅಲ್ಲಿ ಆಗುತ್ತಿದ್ದವು. ಇಂಗ್ಲಿಷಿನಲ್ಲಿ ಕಾಗದ ಬರೆಯಲು ಅವರಿಗೆ ಯಾರಾದರೂ ಬೇಕಿತ್ತು. ನಾನು ಮೈಸೂರಿನಲ್ಲಿ ಚರಿತ್ರೆಯಲ್ಲಿ ಎಂ.ಎ. ಮಾಡಿದ್ದೆ. ನನ್ನ ಗಂಡ ವಿಷಮಶೀತಜ್ವರದಲ್ಲಿ ಹನ್ನೊಂದು ದಿನ ಮಲಗಿ ತೀರಿಕೊಂಡು ಒಂದು ವರ್ಷವಾಗಿತ್ತು. ಕುಂಸಿಯಲ್ಲಿ ಭಾವ ಮುರುಗೇಶಪ್ಪನವರ ಮನೆಯಲ್ಲಿದ್ದೆ. ಅಲ್ಲಿ ನನ್ನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಏನೂ ಕೇಳುತ್ತಲೂ ಇರಲಿಲ್ಲ. ನನ್ನ ಕೋಣೆಯ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತಿತ್ತು. ಆ ಗೋಡೆಯನ್ನು ಎಂಟು ತಿಂಗಳು ನೋಡಿದೆ. ಆಮೇಲೆ ನನ್ನ ತಾಯಿಗೆ ದೂರದ ತಮ್ಮನಾಗಬೇಕಾದ ಜಂಬಣ್ಣಮಾವ ಬಂದು, ಶಿವಮೊಗ್ಗದ ಕೋಟೆ ಬೀದಿಯಲ್ಲಿದ್ದ ತಮ್ಮ ಮನೆಯಲ್ಲಿ ಒಂದು ಕೋಣೆ ಕೊಟ್ಟು, ದಿನಾ ಬೆಳಗಿನ ರೈಲಿನಲ್ಲಿ ನನ್ನನ್ನು ಭದ್ರಾವತಿಗೆ ಕರೆದುಕೊಂಡು ಹೋಗತೊಡಗಿದರು. ಕಾರ್ಖಾನೆಯ ಕೆಲಸ ಇರುವತನಕ ಇರಲಿ ಎಂದು ಭಾವ ಒಪ್ಪಿದ್ದರು.

ಆಗಸ್ಟಿನಲ್ಲಿ ಕಾರ್ಖಾನೆಗಳ ಇನ್ಸ್‌ಪೆಕ್ಟರು ಯಜ್ಞನಾರಾಯಣ ಬಂದರು. ತೆಳ್ಳಗಿನ ಮನುಷ್ಯ. ಕುಲುಮೆಯ ಶೆಡ್ಡಿನಲ್ಲಿ ನಿಂತು ಇಪ್ಪತ್ತೆರಡು ಜನರ ನಲವತ್ತನಾಲ್ಕು ಬರಿಗಾಲುಗಳನ್ನು ಒಂದೊಂದಾಗಿ ನೋಡಿದರು. ಕೆಲವು ಕಾಲುಗಳಿಗೆ ಒದ್ದೆ ಗೋಣಿ ಸುತ್ತಿತ್ತು.

"ಬೂಟೆಲ್ಲಿ?"

"ಇವರಿಗೆ ಅಭ್ಯಾಸ ಇಲ್ಲ ಸ್ವಾಮಿ," ಎಂದರು ಮಾವ.

"ಕಾಲು ನೋಡಿ ಪಕ್ಕಕ್ಕೆ ಹೋಗೋದು ಕಬ್ಬಿಣಕ್ಕೂ ಅಭ್ಯಾಸ ಇಲ್ಲ."

ಎರಡು ತಿಂಗಳ ಗಡುವು ಕೊಟ್ಟರು. ಮತ್ತೆ ಬಂದಾಗ ಎರಕ ಹೊಯ್ಯುವ ಹೊತ್ತಿನಲ್ಲಿ ಒಬ್ಬನೇ ಒಬ್ಬ ಬರಿಗಾಲಲ್ಲಿ ಕಂಡರೂ ಕುಲುಮೆಗೆ ಬೀಗ ಎಂದು ಬರೆದುಕೊಟ್ಟು ಹೋದರು.

ಸಂಜೆಯ ರೈಲಿನಲ್ಲಿ ಮಾವ ಇನ್ಸ್‌ಪೆಕ್ಟರು ಬರೆದುಕೊಟ್ಟಿದ್ದನ್ನು ಎರಡು ಸಲ ಓದಿದರು. ಆಮೇಲೆ ಹೇಳಿದರು: "ಕುಲುಮೆ ಆರಿದ್ರೆ ನಿನ್ನ ಕಾಗದಕ್ಕೇನು ಕೆಲಸ ಹೇಳು. ಮತ್ತೆ ಕುಂಸಿಗೇ ಹೋಗ್ಬೇಕಾಗುತ್ತೆ ಕಣಮ್ಮ. ನೀನು ಓದಿದೋಳು. ಈ ಬೂಟಿನ ವಿಷಯ ನೀನೇ ನೋಡ್ಕೋ."

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಗದ್ದೆ, ಹಳ್ಳ, ಒಂದು ಎಮ್ಮೆ. ಗೋಡೆ ಇರಲಿಲ್ಲ.

"ನೋಡ್ಕೋತೀನಿ," ಎಂದೆ.

ಕಾನ್ಪುರದ ಒಂದು ಕಂಪನಿಗೆ ಬರೆದೆ. ಅವರು ಅಳತೆ ಕಳಿಸಿ ಎಂದರು. ಇಪ್ಪತ್ತೆರಡು ಜನರಲ್ಲಿ ಒಬ್ಬನಿಗೂ ತನ್ನ ಪಾದಕ್ಕೆ ಒಂದು ನಂಬರು ಇರಬಹುದೆಂದು ಗೊತ್ತಿರಲಿಲ್ಲ. ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು, ದಿನಪತ್ರಿಕೆಯ ಮೇಲೆ ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯಬೇಕಾಯಿತು.

ಕಾದ ಕಬ್ಬಿಣದ ಮುಂದೆ ಕದಲದ ಗಂಡಸರು ಪೆನ್ಸಿಲಿನ ಮುಂದೆ ನಿಲ್ಲಲಿಲ್ಲ. ಒಳಪಾದದ ಹತ್ತಿರ ಬಂದ ಕೂಡಲೇ ಒಬ್ಬ ಕಾಲೆತ್ತಿಕೊಂಡು ಬೀರುವಿಗೆ ಆತುಕೊಂಡ. ಇನ್ನೊಬ್ಬ ಪೆನ್ಸಿಲು ಮುಟ್ಟುವ ಮೊದಲೇ ನಗತೊಡಗಿ, ನಗುತ್ತಲೇ ಹೊರಗೆ ಹೋಗಿಬಿಟ್ಟ. ಅಚ್ಚಿನ ಮರಳು ಜರಡಿ ಹಿಡಿಯುವ ಮಾಸ್ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹಿಡ್ಕೊಳ್ರೋ ಅವನ್ನ, ಎತ್ತಿಗೆ ಲಾಳ ಕಟ್ಟೋ ಹಾಗೆ," ಎಂದಳು. "ಮನೇಲಿ ಹೆಂಡ್ತಿ ಮುಂದೆ ಹುಲಿ, ಇಲ್ಲಿ ನೋಡು."

ಕುಲುಮೆಯ ಮುಖ್ಯಸ್ಥ ಚೌಡಪ್ಪ ಕೊನೆಗೆ ಬಂದ. ಐವತ್ತು ದಾಟಿದ ಆಳು. ಬೆಂಕಿ ಯಾವಾಗಲೂ ಅವನ ಎಡಕ್ಕಿರುತ್ತಿದ್ದುದರಿಂದ ಎಡಮೀಸೆ ಬಲಮೀಸೆಗಿಂತ ಗಿಡ್ಡವಾಗಿತ್ತು. ಅವನು ನಗಲಿಲ್ಲ. ಆದರೆ ನಾನು ಗೆರೆ ಎಳೆದು ಮುಗಿಸುವತನಕ ಕಣ್ಣುಮುಚ್ಚಿ, ಹಲ್ಲುಕಚ್ಚಿ, ಮೇಜಿನ ಅಂಚು ಹಿಡಿದುಕೊಂಡಿದ್ದ. ಮೇಜು ಸ್ವಲ್ಪ ಸರಿದಿತ್ತು.

ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಡೆದ ಪಾದಗಳು ಅಗಲವಾಗಿ, ಬೆರಳುಗಳು ಒಂದೊಂದು ದಿಕ್ಕಿಗೆ ಹರಡಿಕೊಂಡಿದ್ದವು. ಕಾನ್ಪುರದಿಂದ ಉತ್ತರ ಬಂತು. ತಾವು ಕಳಿಸಿದವು ಪಾದಗಳೋ ಜಿಲ್ಲೆಗಳ ನಕ್ಷೆಯೋ ದಯವಿಟ್ಟು ತಿಳಿಸುವುದು ಎಂದಿತ್ತು. ಪಾದಗಳು ಎಂದು ಬರೆದೆ.

ಸೆಪ್ಟೆಂಬರಿನ ಒಂದು ಶನಿವಾರ ಪೆಟ್ಟಿಗೆಗಳು ಬಂದವು. ಹುಲ್ಲಿನ ನಡುವೆ ಕರಿ ಬೂಟುಗಳು, ಮಿಲಿಟರಿಯವರದ್ದರ ಹಾಗೆ. ಒಂದೊಂದಕ್ಕೆ ಒಂಬತ್ತು ಜೊತೆ ತೂತು, ಗಜದುದ್ದದ ಲೇಸು, ಅಡಿಯಲ್ಲಿ ಕಬ್ಬಿಣದ ಲಾಳ. ಅಂಗಳದಲ್ಲಿ ಹಂಚಿದೆವು. ಹಾಕಿಕೊಂಡವರು ಎದ್ದು ನಿಂತು, ಎರಡು ಹೆಜ್ಜೆ ಇಟ್ಟು, ತಮ್ಮದೇ ಸದ್ದಿಗೆ ಹಿಂದಿರುಗಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನಡೆದರು. ಬಾತುಕೋಳಿಗಳ ಪಟಾಲಮ್ಮು ಹೊರಟ ಹಾಗಿತ್ತು. ಅದೇ ಸಂಜೆ ಇಡೀ ಭದ್ರಾವತಿಗೆ ಬೂಟು ಗೊತ್ತಾಯಿತು. ಭಾನುವಾರ ಸಂತೆಗೆ ಬೂಟು, ಸಿನಿಮಾಕ್ಕೆ ಬೂಟು. ಒಬ್ಬನ ಬೂಟು ಅವನ ಭಾವಮೈದುನನ ಕಾಲಲ್ಲಿ ಹೊಳೆಹೊನ್ನೂರಿಗೆ ಹೆಣ್ಣು ನೋಡಲು ಹೋಗಿ, ಒಪ್ಪಿಗೆ ಪಡೆದು ಬಂತು.

ಸೋಮವಾರ ಎರಕದ ದಿನ. ಶೆಡ್ಡಿನ ಹತ್ತಿರ ಹೋದೆ. ಬಾಗಿಲ ಹೊರಗೆ, ಗೋಡೆಯ ಉದ್ದಕ್ಕೆ, ಇಪ್ಪತ್ತೆರಡು ಜೊತೆ ಬೂಟುಗಳು ಸಾಲಾಗಿದ್ದವು. ಲೇಸುಗಳನ್ನು ಒಳಗೆ ಮಡಚಿಟ್ಟಿದ್ದರು. ಒಳಗೆ ಇಪ್ಪತ್ತೆರಡು ಜನ ಬರಿಗಾಲಲ್ಲಿದ್ದರು.

"ಚೌಡಪ್ಪ, ಬೂಟು ಹಾಕ್ಕೊಳ್ಳಲಿಲ್ವಾ?"

"ಹಾಕ್ಕೊಂಡೇ ಬಂದ್ವಲ್ಲ ಅಕ್ಕಾರೆ. ಮನೆಯಿಂದ ಇಲ್ಲಿತನಕ."

"ಬೇಕಾಗಿರೋದು ಒಳಗೆ."

"ಒಳಗೆ ತಾಯಿ ಇದ್ದಾಳಲ್ಲ," ಎಂದ, ನನಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ತಾಯಿ ಎಂದರೆ ಕುಲುಮೆ. ಎರಕದ ದಿನ ಬೆಳಗ್ಗೆ ಅದರ ಮೈಗೆ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದರು. ಒಳಗೆ ಕಬ್ಬಿಣ ಕರಗಿ ರಸವಾದ ಮೇಲೆ ಕೆಳಗಿನ ಬಾಯಿಗೆ ಮೆತ್ತಿದ ಮಣ್ಣನ್ನು ಹಾರೆಯಿಂದ ಒಡೆದು ರಸ ಇಳಿಸಿಕೊಳ್ಳಬೇಕು. ದಿನಕ್ಕೆ ನಾಲ್ಕೈದು ಸಲ. ಪ್ರತಿ ಸಲವೂ ಬಾಯಿ ಒಡೆಯುವ ಮೊದಲು ಎಲ್ಲರೂ ನಿಂತು ಕೈಮುಗಿಯುತ್ತಿದ್ದರು. ಚರ್ಮ ಮೆಟ್ಟಿಕೊಂಡು ಕೈಮುಗಿಯುವುದೆಂದರೇನು.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತವಳು. "ತಾಯಿಗೆ ಗಾಳಿ ಊದೋ ಯಂತ್ರದ ಪಟ್ಟಿ ಯಾವುದರದ್ದು ಚೌಡಪ್ಪ? ಚರ್ಮದ್ದೇ ತಾನೇ?"

"ಹೌದು. ಅದು ಕೆಲಸ ಮಾಡುತ್ತೆ. ಅದನ್ನ ಯಾರು ಮೆಟ್ತಾರೆ?"

ಮಾಸ್ತಮ್ಮ ಜರಡಿಯ ಹಿಂದಿನಿಂದ, "ಸೋತ್ರಿ ಅಕ್ಕಾರೆ," ಎಂದಳು.

"ಹಾಗಾದ್ರೆ ಕೈಮುಗಿಯುವಾಗ ಬಿಚ್ಚಿ, ಮತ್ತೆ ಹಾಕ್ಕೊಳ್ಳಿ."

ಚೌಡಪ್ಪ ಹೊರಗೆ ಹೋಗಿ ಬೂಟು ಹಾಕಿಕೊಂಡು ಬಂದ. ಲೇಸು ಬಿಗಿದ. ಆಮೇಲೆ ಬಿಚ್ಚಿದ, ಕೈಮುಗಿದ, ಮತ್ತೆ ಕಟ್ಟತೊಡಗಿದ. ನಾನು ಕೈಗಡಿಯಾರ ನೋಡುತ್ತಿದ್ದೆ. ಜ್ವರದ ಮೊದಲ ದಿನ ನನ್ನ ಗಂಡನ ಶೂಗಳ ಲೇಸು ಬಿಚ್ಚಿದ್ದು ನಾನೇ. ಅದಕ್ಕೆಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗಡಿಯಾರ ಬೇಕಿರಲಿಲ್ಲ. ಆದರೂ ನೋಡಿದೆ. ಆರೂವರೆ ನಿಮಿಷ.

"ಅಷ್ಟೊತ್ತಿಗೆ ತಾಯಿ ತಾನೇ ಬಾಯಿ ಬಿಟ್ಟಿರ್ತಾಳೆ," ಎಂದ.

"ನಿಮಗೆ ಎಷ್ಟು ಹೊತ್ತು ಇರುತ್ತೆ?"

ಅವನು ಬರಿಗಾಲಲ್ಲಿ ನಿಂತು, ಕೈಮುಗಿದು, ಹಾರೆ ಎತ್ತಿ ತೋರಿಸಿದ. ಹನ್ನೆರಡು ಸೆಕೆಂಡು.

"ಇಷ್ಟರಲ್ಲಿ ಬಿಚ್ಚಿ ಹಾಕ್ಕೊಳ್ಳೋ ಬೂಟು ಕೊಡಿ ಅಕ್ಕಾರೆ. ಮಲಗುವಾಗಲೂ ಹಾಕ್ಕೋತೀನಿ."

ಇದು ಮಾತು ಎಂದೆ. ಮಾತು ಎಂದ. ಗಡುವಿಗೆ ಇನ್ನು ಐದು ವಾರ ಇತ್ತು.

ಗಾಳಿಯಂತ್ರದ ಪಟ್ಟಿ ಹೊಲಿಯಲು ವಾರಕ್ಕೊಮ್ಮೆ ಬರುತ್ತಿದ್ದವನು ಮಾರಪ್ಪ. ಚರ್ಮದ ಕೆಲಸದಲ್ಲಿ ಕೂದಲು ಬೆಳ್ಳಗಾದವನು. ಕಾನ್ಪುರದ ಬೂಟನ್ನು ಕೈಯಲ್ಲಿ ಹಿಡಿದು, ಬಗ್ಗಿಸಿ, ಮೂಸಿ ನೋಡಿದ.

"ಚರ್ಮ ಒಳ್ಳೇದು. ಹೊಲಿದವನಿಗೆ ಮಾತ್ರ ಬಿಚ್ಚೋ ಯೋಚನೆ ಇರಲಿಲ್ಲ. ಇದನ್ನ ಹಾಕ್ಕೊಂಡೋನು ಹಾಕ್ಕೊಂಡೇ ಸಾಯ್ಬೇಕು."

"ಹನ್ನೆರಡು ಎಣಿಸೋದ್ರಲ್ಲಿ ಬಿಚ್ಚಿ ಹಾಕ್ಕೊಳ್ಳೋ ಹಾಗೆ ಆಗುತ್ತಾ?"

ಮಾರಪ್ಪ ಚೌಡಪ್ಪನನ್ನು ನೋಡಿದ. "ಇವನಿಗಾ? ಇವನು ಹನ್ನೆರಡು ಎಣಿಸೋಕೇ ಅರ್ಧ ಗಂಟೆ ತಗೋತಾನೆ."

"ನೀನು ಕೆಲಸ ಮಾಡು ಮಾರಾಯ," ಎಂದ ಚೌಡಪ್ಪ.

ಮಾರಪ್ಪ ಮೊದಲು ಲೇಸು ತೆಗೆದು ಬಕಲು ಹಾಕಿದ. ನಲವತ್ತು ಸೆಕೆಂಡು ಹಿಡಿಯಿತು. ಎರಡನೆಯದಕ್ಕೆ ಬಕಲೂ ಬೇಡವೆಂದು ಬಾಯಿಯನ್ನು ಅಗಲ ಮಾಡಿದ. ಚೌಡಪ್ಪ ಅಂಗಳದಲ್ಲಿ ನಿಂತು, ಬಿಚ್ಚುವುದಕ್ಕೆಂದು ಬಲಗಾಲನ್ನು ಮೆಲ್ಲಗೆ ಝಾಡಿಸಿದ. ಬೂಟು ಹಾರಿತು. ನಮ್ಮೆಲ್ಲರ ತಲೆಯ ಮೇಲಿಂದ ಹೋಗಿ ಆಫೀಸಿನ ಕಿಟಕಿಯೊಳಗೆ ಇಳಿಯಿತು. ಅಲ್ಲಿ ಜಂಬಣ್ಣಮಾವ ಆಗ ತಾನೇ ಕ್ಯಾರಿಯರು ಬಿಚ್ಚಿ ಮೊಸರನ್ನಕ್ಕೆ ಕೈ ಹಾಕಿದ್ದರು. ಆಮೇಲೆ ಮಾವ ಕಿಟಕಿಗೆ ಬಂದರು. ಎಡಗೈಯಲ್ಲಿ ಬೂಟು ಇತ್ತು. ಹಣೆಯ ವಿಭೂತಿಯ ಮೇಲೆ ಒಂದು ಅನ್ನದ ಅಗುಳು ಅಂಟಿತ್ತು.

"ಇದು ಯಾರ ಸೈಜು?" ಎಂದರು.

ಮೂರನೆಯದಕ್ಕೆ ಮಾರಪ್ಪ ಎರಡೂ ಪಕ್ಕ ಸೀಳಿ, ಹಳೆಯ ಲಾರಿ ಟ್ಯೂಬಿನ ರಬ್ಬರು ಇಟ್ಟು ಹೊಲಿದ. ಕಾಲು ಸಲೀಸಾಗಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಚೌಡಪ್ಪನನ್ನು ಮರಳಿನ ಗುಡ್ಡೆಯ ಮೇಲೆ ಕೂರಿಸಿ ಮೂವರು ಎಳೆದರು. ಬೂಟಿನ ಬದಲು ಚೌಡಪ್ಪನೇ ಬಂದ. ಮರಳಿನಿಂದ ಗೇಟಿನತನಕ ಗಾಡಿ ಎಳೆದ ಹಾಗೆ ಜಾಡು ಬಿತ್ತು. ಅವತ್ತು ಅವನು ಬಲಗಾಲಿಗೆ ಬೂಟು, ಎಡಗಾಲಿಗೆ ಏನೂ ಇಲ್ಲದೆ ಮನೆಗೆ ಹೋದ. ಮರುದಿನವೂ ಹಾಗೆಯೇ ಬಂದ.

"ಕೊಟ್ಟ ಮಾತಿನ ಹಾಗೆ ಹಾಕ್ಕೊಂಡೇ ಮಲಗಿದ್ದೆ," ಎಂದ ನನಗೆ.

ಹರಿದು ತೆಗೆಯಬೇಕಾಯಿತು. ಮಾರಪ್ಪ ಅದನ್ನು ನೋಡುತ್ತ ಬಹಳ ಹೊತ್ತು ಕುಳಿತ. ಕೊನೆಗೆ ಗಾಳಿಯಂತ್ರದ ಪಟ್ಟಿಯಿಂದ ಕತ್ತರಿಸಿದ ಒಂದು ತುಂಡನ್ನು ಹಿಮ್ಮಡಿಯ ಹಿಂದೆ ಕುಣಿಕೆಯ ಹಾಗೆ ಹೊಲಿದ. ಆ ಕುಣಿಕೆಯನ್ನು ಇನ್ನೊಂದು ಕಾಲಿನಿಂದ ಮೆಟ್ಟಿ ಎತ್ತಿದರೆ ಕಾಲು ಹೊರಗೆ. ಬೆರಳು ಹಾಕಿ ಎಳೆದರೆ ಕಾಲು ಒಳಗೆ. ಚೌಡಪ್ಪ ಮಾಡಿ ನೋಡಿದ. ಇಪ್ಪತ್ತು ಸೆಕೆಂಡು. ಮತ್ತೆ ಮಾಡಿದ. ಹದಿನೇಳು.

"ಅಭ್ಯಾಸ ಬೇಕು," ಎಂದ.

ಮಾರಪ್ಪ ಎಲ್ಲ ಬೂಟುಗಳನ್ನೂ ಹಾಗೆಯೇ ಮಾಡಿ ಮುಗಿಸುವ ಹೊತ್ತಿಗೆ ಗಡುವಿಗೆ ಹನ್ನೆರಡು ದಿನ ಉಳಿದಿತ್ತು. ಆ ಹನ್ನೆರಡು ದಿನವೂ ಊಟದ ಬಿಡುವಿನಲ್ಲಿ ಅಂಗಳದಲ್ಲಿ ಕವಾಯತು ನಡೆಯಿತು. ಮಾಸ್ತಮ್ಮ ಒಂದು ಕಬ್ಬಿಣದ ತಗಡನ್ನು ತೂಗುಹಾಕಿಕೊಂಡು ಸುತ್ತಿಗೆಯಿಂದ ಬಡಿಯುತ್ತ ಎಣಿಸುತ್ತಿದ್ದಳು. ಒಂದು, ಎರಡು. ಇಪ್ಪತ್ತೆರಡು ಜನ ಬೂಟಿನಿಂದ ಇಳಿಯುತ್ತಿದ್ದರು, ಖಾಲಿ ಗೋಡೆಗೆ ಕೈಮುಗಿಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಸಾಲಿನ ಮೊದಲನೆಯವನು ಪ್ರತಿ ಸಲವೂ ಪಕ್ಕದವನ ಬೂಟು ಹತ್ತುತ್ತಿದ್ದ. ಆ ಪಕ್ಕದವನು ಬೇರೆ ಗತಿಯಿಲ್ಲದೆ ತನ್ನ ಪಕ್ಕದವನದನ್ನು ಹತ್ತುತ್ತಿದ್ದ. ಸಾಲಿನ ಕೊನೆಯಲ್ಲಿ ಯಾವಾಗಲೂ ಒಬ್ಬ ಬೂಟಿಲ್ಲದೆ ಉಳಿಯುತ್ತಿದ್ದ, ಮೊದಲಲ್ಲಿ ಒಂದು ಜೊತೆ ಆಳಿಲ್ಲದೆ ಉಳಿಯುತ್ತಿತ್ತು. ಒಮ್ಮೆ ಆ ಕೊನೆಯವನು ರೇಗಿ, ಇಡೀ ಸಾಲನ್ನು ಸುತ್ತಿ ಓಡಿ ಬಂದು, ಮಾಸ್ತಮ್ಮ ಹನ್ನೊಂದು ಎನ್ನುವಾಗ ಆ ಜೊತೆಯೊಳಗೆ ಜಿಗಿದ. ಜಿಗಿದು ಕೈಮುಗಿದ.

ನಾನು ನಕ್ಕೆ. ಮಾಸ್ತಮ್ಮನ ಸುತ್ತಿಗೆ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು.

"ಏನು?" ಎಂದೆ.

"ಏನಿಲ್ಲ," ಎಂದಳು ಮಾಸ್ತಮ್ಮ. "ಮತ್ತೆ ಒಂದರಿಂದ."

ಯಜ್ಞನಾರಾಯಣ ಹೇಳದೆ ಬಂದರು. ಅಕ್ಟೋಬರಿನ ಒಂದು ಗುರುವಾರ, ಹನ್ನೊಂದು ಗಂಟೆಗೆ. ಅವತ್ತು ಮೂರನೆಯ ಸಲ ಬಾಯಿ ಒಡೆಯುವ ಹೊತ್ತು. ಮಾವ ಅವರ ಹಿಂದೆ ಓಡುತ್ತ ಬಂದರು, ನಾನು ಮಾವನ ಹಿಂದೆ. ಇನ್ಸ್‌ಪೆಕ್ಟರು ಶೆಡ್ಡಿನ ಬಾಗಿಲಿಗೆ ಕಾಲಿಟ್ಟಾಗ ಇಪ್ಪತ್ತೆರಡು ಜನ ಕುಲುಮೆಯ ಮುಂದೆ ಬರಿಗಾಲಲ್ಲಿ ನಿಂತು ಕೈಮುಗಿದಿದ್ದರು.

ಅವರು ಪುಸ್ತಕ ತೆಗೆದರು. ಪೆನ್ನಿನ ಮುಚ್ಚಳ ತಿರುಗಿಸಿದರು. ತಲೆ ಬಗ್ಗಿಸಿ ತಾರೀಕು ಬರೆದು, ತಲೆ ಎತ್ತಿದರು. ಇಪ್ಪತ್ತೆರಡು ಜನರೂ ಬೂಟಿನಲ್ಲಿದ್ದರು.

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಈಗ ತಾನೇ ನೋಡಿದ್ನಲ್ಲ."

"ಏನು ಸ್ವಾಮಿ?" ಎಂದಳು ಮಾಸ್ತಮ್ಮ.

"ಬರಿಗಾಲಾಗಿದ್ದವು. ಎಲ್ಲರದ್ದೂ."

"ಕೈಮುಗಿಯೋವಷ್ಟು ಹೊತ್ತು ಮಾತ್ರ ಸ್ವಾಮಿ," ಎಂದರು ಮಾವ. "ಹನ್ನೆರಡು ಸೆಕೆಂಡು."

"ಬರಿಗಾಲು ಬರಿಗಾಲೇ ಜಂಬಣ್ಣನವರೆ. ಕಾನೂನಿನಲ್ಲಿ ಸೆಕೆಂಡು ಇಲ್ಲ." ಅವರು ಬರೆಯತೊಡಗಿದರು. ಅಕ್ಷರ ದುಂಡಗಿತ್ತು, ನನಗೆ ತಲೆಕೆಳಗಾಗಿಯೂ ಓದಲು ಬರುತ್ತಿತ್ತು. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲಿನಲ್ಲಿ ಬೀಗ ಎಂಬ ಮಾತು ಬರಲಿತ್ತು. ಕುಂಸಿಯ ಆ ಗೋಡೆಯಲ್ಲಿ ಎಡಗಡೆ ಒಂದು ಬಿರುಕಿತ್ತು, ಅದು ನೆನಪಾಯಿತು.

ಕುಲುಮೆ ಯಾರಿಗೂ ಕಾಯುವುದಿಲ್ಲ. ಚೌಡಪ್ಪ ಹಾರೆ ಎತ್ತಿ ಬಾಯಿ ಒಡೆದ. ರಸ ಇಳಿಯಿತು. ಹಿಂದಿನ ದಿನದ ಮಳೆಗೆ ಮರಳು ಎಲ್ಲೋ ತೇವ ಹಿಡಿದಿತ್ತು. ರಸ ಅಲ್ಲಿಗೆ ತಾಗಿದ್ದೇ ಚಟಚಟ ಸಿಡಿದು ಮೇಲೆದ್ದಿತು. ಕೆಂಪು ಹನಿಗಳು ಹಾರಿದವು. ಅದರಲ್ಲಿ ಒಂದು ಚೌಡಪ್ಪನ ಬಲಬೂಟಿನ ಬಾಯೊಳಗೆ ನೇರ ಹೋಯಿತು.

"ಒಂದು," ಎಂದಳು ಮಾಸ್ತಮ್ಮ, ಅಭ್ಯಾಸಬಲದಿಂದ.

ಎರಡು ಎನ್ನುವ ಮೊದಲು ಚೌಡಪ್ಪನ ಎಡಗಾಲು ಕುಣಿಕೆಯನ್ನು ಮೆಟ್ಟಿತ್ತು. ಬಲಗಾಲು ಝಾಡಿಸಿತು. ಬೂಟು ಹಾರಿ, ಗಾಳಿಯಲ್ಲಿ ಎರಡು ಸುತ್ತು ಹೊಡೆದು, ಯಜ್ಞನಾರಾಯಣರ ಮುಂದೆ ಬಿದ್ದು ಹೊಗೆಯಾಡಿತು. ಚೌಡಪ್ಪ ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ನಿಂತೇ ಹಾರೆ ಹಿಡಿದಿದ್ದ. ರಸ ತುಂಬುವುದು ಮುಗಿದು ಬಾಯಿಗೆ ಮಣ್ಣು ಬೀಳುವತನಕ ಕಾಲು ಕೆಳಗಿಡಲಿಲ್ಲ. ಆಮೇಲೆ ನೋಡಿದೆವು. ಪಾದದ ಮೇಲೆ ಹುಣಸೆಬೀಜದಷ್ಟು ಒಂದು ಬೊಬ್ಬೆ.

ಇನ್ಸ್‌ಪೆಕ್ಟರು ಬೂಟನ್ನು ಕರವಸ್ತ್ರದಲ್ಲಿ ಹಿಡಿದು ಬೋರಲು ಮಾಡಿದರು. ಅಡಿಕೆಯಷ್ಟು ದೊಡ್ಡ ಕಬ್ಬಿಣದ ಉಂಡೆ ಕೆಳಗೆ ಬಿತ್ತು. ಅದನ್ನು ನೋಡುತ್ತ ನಿಂತರು.

"ಲೇಸಿನ ಬೂಟಾಗಿದ್ದಿದ್ರೆ?"

"ಲೇಸಿದ್ದಿದ್ರೆ ನಾನು ಹಾಕ್ಕೋತಾನೇ ಇರಲಿಲ್ಲ ಸ್ವಾಮಿ," ಎಂದ ಚೌಡಪ್ಪ.

ಅವರು ನನ್ನ ಕಡೆ ತಿರುಗಿದರು. "ಯಾವ ಪುಸ್ತಕ ನೋಡಿ ಮಾಡಿಸಿದ್ರಿ ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ಚೌಡಪ್ಪ ಹೇಳಿದ: "ಪುಸ್ತಕ ಎಲ್ಲಿ ಬಂತು. ತಾಯಿಗೆ ಕೈಮುಗಿಯೋಕೆ ಅಂತ ಮಾರಪ್ಪ ಹೊಲಿದಿದ್ದು."

"ಅದನ್ನ ಬರೆಯೋಕೆ ಇದರಲ್ಲಿ ಕಾಲಂ ಇಲ್ಲ," ಎಂದರು ಯಜ್ಞನಾರಾಯಣ. ಬರೆದಿದ್ದ ಸಾಲಿನ ಮೇಲೆ ಒಂದು ಗೀಟು ಎಳೆದರು. ಕೆಳಗೆ ಬರೆದರು: ಕರಗಿದ ಲೋಹ ಒಳಬಿದ್ದಲ್ಲಿ ತಕ್ಷಣ ಕಳಚಲು ಅನುಕೂಲವಾಗುವಂತೆ ಯೋಚಿಸಿ ತಯಾರಿಸಿದ ಪಾದರಕ್ಷೆ. ಇತರ ಕಾರ್ಖಾನೆಗಳಿಗೂ ಶಿಫಾರಸು ಮಾಡಬಹುದು. ಆಗ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಚರಿತ್ರೆ ತಪ್ಪುವುದನ್ನು ಚರಿತ್ರೆ ಓದಿದವಳು ಅಷ್ಟು ಹತ್ತಿರದಿಂದ ನೋಡುವುದು ಅಪರೂಪ. ನಾನು ತಿದ್ದಲಿಲ್ಲ.

"ಎರಡು ಷರತ್ತು," ಎಂದರು. "ಕೈಮುಗಿಯೋದು ಹತ್ತಡಿ ಆಚೆ. ಅಲ್ಲೊಂದು ಸುಣ್ಣದ ಗೆರೆ ಎಳೆಯಿರಿ."

"ಅಷ್ಟು ದೂರದಿಂದ ಮುಗಿದ್ರೆ ತಾಯಿಗೆ ಕಾಣುತ್ತಾ ಸ್ವಾಮಿ?"

"ಬೆಂಕಿಗೆ ಕಣ್ಣು ಚೆನ್ನಾಗಿರುತ್ತೆ."

ಚೌಡಪ್ಪ ಯೋಚಿಸಿದ. ಎಡಮೀಸೆ ಮುಟ್ಟಿಕೊಂಡ. "ಅದು ನಿಜ," ಎಂದ.

"ಎರಡನೇದು, ಶೆಡ್ಡಿಗೆ ಬರೋ ಎಲ್ಲರಿಗೂ ಬೂಟು." ಅವರ ಕಣ್ಣು ಮಾಸ್ತಮ್ಮನ ಕಾಲಿನ ಮೇಲೆ ಹೋಗಿ, ಅಲ್ಲಿಂದ ನನ್ನ ಚಪ್ಪಲಿಗೆ ಬಂತು. "ನೀವು ಇಲ್ಲೇ ಕೆಲಸ ಮಾಡೋರು ತಾನೇ?"

"ಹೌದು," ಎಂದೆ.

"ಹಾಗಾದ್ರೆ ನಿಮ್ಮದೆಲ್ಲಿ?"

ಅವರು ಹೋದ ಮೇಲೆ ಮಾವ ಕುಲುಮೆಗೆ ಅಡ್ಡಬಿದ್ದರು, ಹತ್ತಡಿ ಆಚೆಯಿಂದಲೇ. ಆ ಸಂಜೆ ನಾನು ಭಾವನಿಗೆ ಕಾಗದ ಬರೆದೆ. ಕೆಲಸ ಇದೆ, ಇಲ್ಲೇ ಇರುತ್ತೇನೆ ಎಂದು ಎರಡು ಸಾಲು.

ಮರುದಿನ ಮಾರಪ್ಪ ಬಂದ. ಮೊದಲು ಮಾಸ್ತಮ್ಮನ ಅಳತೆ ಆಯಿತು. ಅವಳು ಕಂಬದ ಹಾಗೆ ನಿಂತು, "ಇದಕ್ಕೆ ಕುಣಿದ್ರಾ ಇವರೆಲ್ಲ?" ಎಂದಳು. ಆಮೇಲೆ ಮಾರಪ್ಪ ಪೆನ್ಸಿಲನ್ನು ಅವಳ ಕೈಗೆ ಕೊಟ್ಟು, ನಾನು ನಿಂತಿದ್ದ ದಿನಪತ್ರಿಕೆ ತೋರಿಸಿ, ತಾನು ಬಾಗಿಲ ಕಡೆ ತಿರುಗಿ ಕುಳಿತ. ಮಾಸ್ತಮ್ಮ ಹಿಮ್ಮಡಿಯಿಂದ ಶುರುಮಾಡಿದಳು. ಕಿರುಬೆರಳು, ಉಳಿದ ಬೆರಳುಗಳು. ಹೆಬ್ಬೆರಳ ಪಕ್ಕದ ಬೆರಳಿನಲ್ಲಿ ಕಾಲುಂಗುರದ ಗುರುತು ಇನ್ನೂ ಬೆಳ್ಳಗಿತ್ತು. ಅವಳು ನೋಡಿದಳು, ಪೆನ್ಸಿಲು ನಿಲ್ಲಿಸಲಿಲ್ಲ. ಹೆಬ್ಬೆರಳು ಸುತ್ತಿ ಒಳಪಾದಕ್ಕೆ ಬಂದಳು.

ನಾನು ಮೇಜಿನ ಅಂಚು ಹಿಡಿದುಕೊಂಡೆ. ಮೇಜು ಸರಿಯಿತು.

"ಅಲ್ಲಾಡಬೇಡಿ ಅಕ್ಕಾರೆ."

"ಇಲ್ಲ," ಎಂದೆ, ಬೀರುವಿನ ಹತ್ತಿರದಿಂದ.

ಕಿಟಕಿಯ ತುಂಬ ಮುಖಗಳಿದ್ದವು. "ಹಿಡ್ಕೊಳ್ಳೇ ಮಾರಾಯ್ತಿ," ಎಂದ ಚೌಡಪ್ಪ ಹೊರ​ಗಿನಿಂದ, "ಎತ್ತಿಗೆ ಲಾಳ ಕಟ್ಟೋ ಹಾಗೆ." ಮಾಸ್ತಮ್ಮ ನಿಜವಾಗಿಯೂ ಹಿಡಿದಳು. ನಾನು ಅವಳ ತಲೆಯ ಮೇಲೆ ಕೈಯೂರಿ ನಗುತ್ತಿದ್ದೆ, ಅವಳು ನಗುತ್ತ ಗೆರೆ ಎಳೆಯುತ್ತಿದ್ದಳು, ಗೆರೆ ಎಲ್ಲೆಲ್ಲೋ ಹೋಯಿತು. ಕಡೆಗೆ ಮಾರಪ್ಪ ಆ ಹಾಳೆಯನ್ನು ಬೆಳಕಿಗೆ ಹಿಡಿದು, ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಮಾಡಿ ನೋಡಿದ.

"ಇದು ಪಾದವಾ ಅಕ್ಕಾರೆ, ಜಿಲ್ಲೆ ನಕ್ಷೆನಾ?"

"ಪಾದ," ಎಂದೆ, ಉಸಿರು ಸಿಕ್ಕಿದ ಮೇಲೆ.